ಪದ್ಮಿನಿಗೆ ಡಾಬು

ನಮ್ಮ ಮಾವನವರ ಕಾರಿನಲ್ಲಿ ಗಣಪತಿಗೆ ಪೀಠವಿದೆ, ಊದುಬತ್ತಿಗೆ ಹಿತ್ತಾಳೆಯ ಸ್ಟ್ಯಾಂಡಿದೆ, ಬೀಡಿ ಸಿಗರೇಟು ಮುಟ್ಟದ ಮನೆತನಕ್ಕೆ ಆಶ್‌ಟ್ರೇ ಇದೆ. ಬಂಪರಿನ ಕೆಳಗೆ ಅಮಾವಾಸ್ಯೆಗೊಮ್ಮೆ ಬದಲಾಗುವ ನಿಂಬೆಹಣ್ಣು, ಮೆಣಸಿನಕಾಯಿ. ಇಷ್ಟೆಲ್ಲ ಕಾವಲಿರುವ ಗಾಡಿಗೆ ಸೀಟ್ ಬೆಲ್ಟ್ ಬೇರೆ ಯಾಕೆ ಎಂದು ಅವರು ಬಹಳ ಕಾಲ ವಾದ ಮಾಡುತ್ತಿದ್ದರು. ಅಳಿಯನಾದವನು ಮಾವನ ಕಾರಿನ ವಿಷಯದಲ್ಲಿ ಬಾಯಿ ಹಾಕಬಾರದು ಎಂಬ ಲೋಕಜ್ಞಾನ ನನಗೂ ಇತ್ತು.

ಅದು 1974ರ ಪ್ರೀಮಿಯರ್ ಪದ್ಮಿನಿ. ಬಾಂಬೆಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯಟ್ 1100 ಮೊದಲು ಡಿಲೈಟ್ ಆಗಿ, ಆಮೇಲೆ ಪ್ರೆಸಿಡೆಂಟ್ ಆಗಿ, ಆ ವರ್ಷ ಪದ್ಮಿನಿಯಾಯಿತು. ಕಂಪನಿಯವರು ಏನೇ ಹೆಸರಿಟ್ಟುಕೊಳ್ಳಲಿ, ಮೈಸೂರಿನಲ್ಲಿ ಅದು ಫಿಯಟ್ಟೇ. ಮುಂದೆ ಈ ಕೊನೆಯಿಂದ ಆ ಕೊನೆಗೆ ಒಂದೇ ಸೋಫಾ ಸೀಟು, ಸ್ಟೀರಿಂಗಿನ ಪಕ್ಕದಲ್ಲೇ ಗೇರು. ಹಾಗಾಗಿ ಮುಂದೆ ಮೂವರು ಆರಾಮಾಗಿ, ನಾಲ್ವರು ಪ್ರೀತಿಯಿಂದ ಕೂರಬಹುದು. ಹಿಂದಿನ ಸೀಟು ಅತ್ತೆಯವರದು. ಅಲ್ಲಿ ಅವರ ಜೊತೆ ಒಂದು ಟಿಫನ್ ಕ್ಯಾರಿಯರ್, ಒಂದು ನೀರಿನ ಕೂಜಾ, ಮಿಕ್ಕ ಜಾಗದಲ್ಲಿ ನಾವು.

ಮಾವನವರ ವಾದಕ್ಕೆ ಮೊದಲ ಪೆಟ್ಟು ಬಿದ್ದದ್ದು ಮೊಮ್ಮಗಳಿಂದ. ನನ್ನ ನಾದಿನಿಯ ಮಗಳು ಅದು. ಮೆಲ್ಬರ್ನಿನಲ್ಲಿ ಹುಟ್ಟಿ ಬೆಳೆದ ಹುಡುಗಿ. ನಂಜನಗೂಡಿಗೆ ಹೊರಟಾಗ ಬಾಗಿಲ ಹತ್ತಿರವೇ ನಿಂತು, “ತಾತ, ಬೆಲ್ಟ್ ಎಲ್ಲಿ?” ಎಂದಳು. “ಅಮ್ಮನ ತೊಡೆ ಮೇಲೆ ಕೂತ್ಕೊಳಮ್ಮ” ಎಂದರು ತಾತ. ಅವಳು ಹತ್ತಲೇ ಇಲ್ಲ. ಹಟಮಾರಿ ಎಂದುಕೊಂಡವರೇ ಎಲ್ಲ. ಆದರೆ ಅವಳ ಊರು ಇರುವ ವಿಕ್ಟೋರಿಯಾ ರಾಜ್ಯ ಬೆಲ್ಟ್ ಕಟ್ಟಿಕೊಳ್ಳುವುದನ್ನು ಕಡ್ಡಾಯ ಮಾಡಿದ್ದು 1970ರ ಡಿಸೆಂಬರಿನಲ್ಲಿ, ಜಗತ್ತಿನಲ್ಲೇ ಎಲ್ಲರಿಗಿಂತ ಮೊದಲು. ನಮ್ಮ ಪದ್ಮಿನಿಗೆ ನಾಮಕರಣವಾಗುವ ಹೊತ್ತಿಗೆ ಅಲ್ಲಿನವರು ಆಗಲೇ ಕಟ್ಟಿಕೊಂಡು ಕೂತಿದ್ದರು. ಆವತ್ತು ನಂಜನಗೂಡಿಗೆ ಬಾಡಿಗೆ ಕಾರಿನಲ್ಲಿ ಹೋದೆವು. ಮಾವನವರು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದರು.

ಎರಡನೆಯ ವಾದ ಕಾನೂನಿನದು, ಇದರಲ್ಲಿ ಮಾವನವರೇ ಗಟ್ಟಿ. ಅವರು ನಿವೃತ್ತ ಸಿವಿಲ್ ಎಂಜಿನಿಯರು. ನಿಯಮದ ಪುಸ್ತಕ ಓದುವುದು ಅವರಿಗೆ ಪಂಚಾಂಗ ಓದುವುದಕ್ಕಿಂತ ಖುಷಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 1993ರಲ್ಲಿ ತಿದ್ದುಪಡಿ ಬಂತು. ಮುಂದಿನ ಸೀಟುಗಳಿಗೆ ಬೆಲ್ಟ್ ಕೊಡುವುದು ತಯಾರಕರ ಹೊಣೆಯಾದದ್ದು ಅದರ ಮರುವರ್ಷದಿಂದ. ಕಟ್ಟಿಕೊಳ್ಳಬೇಕಾದವರೂ ಹಾಗೆ ಬೆಲ್ಟ್ ಕೊಟ್ಟಿರುವ ಗಾಡಿಯಲ್ಲಿ ಕೂತವರೇ. 1974ರ ಗಾಡಿಗೆ ಕಾರ್ಖಾನೆ ಬೆಲ್ಟ್ ಕೊಟ್ಟೇ ಇಲ್ಲ, ಕಟ್ಟಿಕೋ ಎಂದು ಹೇಳುವುದು ಹೇಗೆ? ರಿಂಗ್ ರಸ್ತೆಯಲ್ಲಿ ಒಬ್ಬ ಎಳೆಯ ಪೊಲೀಸಪ್ಪ ಸಾವಿರ ರೂಪಾಯಿ ದಂಡ ಎಂದಾಗ ಮಾವನವರು ಇದನ್ನೆಲ್ಲ ನಿಂತಲ್ಲೇ ಪಾಠ ಮಾಡಿದರಂತೆ. ಪಾಪ, ಅವನು ಕೊನೆಗೆ ಸೆಲ್ಯೂಟ್ ಹೊಡೆದು ಕಳಿಸಿದ. “ಈಗ ನಾವೇ ಹಾಕಿಸಿದೆವು ಅನ್ನಿ, ಆಮೇಲೆ ಕಟ್ಟಿಕೊಳ್ಳದೆ ಹೋದರೆ ಅದೊಂದು ತಕರಾರು. ಇಲ್ಲದ ಉಸಾಬರಿ ಯಾಕೆ ಅಳಿಯಂದಿರೇ” ಎಂದು ನನ್ನ ಕಡೆ ತಿರುಗಿದರು. “ಅರವತ್ತು ದಾಟಿದ ಮೇಲೆ ಡಾಬು ಬೇಕು ಅಂತ ನಿಮ್ಮ ಅತ್ತೇನೂ ಕೇಳಿದವಳಲ್ಲ, ಈ ಪದ್ಮಿನಿಗೆ ಯಾಕೆ?”

ಅವರ ತಲೆಮಾರಿಗೆ ಬೆಲ್ಟ್ ಎಂಬುದು ಮನಸ್ಸಿನಲ್ಲೇ ಇರಲಿಲ್ಲ. 1990ರ ಸೆಪ್ಟೆಂಬರ್ 30ರ ಬೆಳಗ್ಗೆ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ನಟ ಶಂಕರನಾಗ್ ಕಾರು ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ವಾರಗಟ್ಟಲೆ ಅದೇ ಮಾತು. ರಸ್ತೆಯನ್ನು ಬೈದೆವು, ಲಾರಿಗಳನ್ನು ಬೈದೆವು, ರಾತ್ರಿ ಪ್ರಯಾಣವನ್ನು ಬೈದೆವು, ಕೊನೆಗೆ ವಿಧಿಯನ್ನೂ ಬೈದೆವು. ಕಾರಿನೊಳಗೆ ಕೂತವರನ್ನು ಕಾರಿಗೇ ಹಿಡಿದಿಡುವ ಒಂದು ಪಟ್ಟಿ ಇರುತ್ತದೆ ಎಂಬ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಆ ದಿನ ಅದರಿಂದ ಏನಾದರೂ ಆಗುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಬರಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಪಟ್ಟಿ ಮಾತ್ರ ಆಗಲೇ ಹಳೆಯದಾಗಿತ್ತು. ನಿಲ್ಸ್ ಬೋಲಿನ್ ಎಂಬ ಸ್ವೀಡಿಷ್ ಎಂಜಿನಿಯರ್ ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಪೈಲಟ್ಟನ್ನು ಆಪತ್ತಿನಲ್ಲಿ ಸೀಟು ಸಮೇತ ಹೊರಗೆ ಚಿಮ್ಮಿಸುವ ವಿದ್ಯೆಯಲ್ಲಿ ಪಳಗಿದವನು. ಹೊರಗೆಸೆಯುವುದು ಗೊತ್ತಿದ್ದವನನ್ನೇ ವೋಲ್ವೋದವರು ಒಳಗೆ ಹಿಡಿದಿಡಲು ಕರೆದರು. 1959ರಲ್ಲಿ ಅವನು ಮಾಡಿದ್ದು ಬಲು ಸರಳ: ಒಂದು ಪಟ್ಟಿ ಸೊಂಟಕ್ಕೆ, ಒಂದು ಎದೆಯ ಮೇಲೆ ಓರೆಯಾಗಿ, ಎರಡೂ ಪಕ್ಕೆಯ ಹತ್ತಿರ ಒಂದೇ ಬಿಂದುವಿನಲ್ಲಿ ಸೇರಬೇಕು, ಒಂದು ಕೈಯಲ್ಲಿ ಹಾಕಿಕೊಳ್ಳುವ ಹಾಗಿರಬೇಕು. ಪೇಟೆಂಟ್ ಇದ್ದರೂ ವೋಲ್ವೋ ಅದನ್ನು ಬೇರೆ ಕಂಪನಿಗಳ ಬಳಕೆಗೂ ಬಿಟ್ಟುಕೊಟ್ಟಿತು. ಇವತ್ತಿಗೂ ಜಗತ್ತಿನ ಕಾರುಗಳಲ್ಲಿರುವುದು ಪಟ್ಟಿಯನ್ನು ಕಾರಿಗೆ ಬಿಗಿಯುವ ಆ ಮೂರು ಬಿಂದುಗಳೇ. ತಲೆಬಿಸಿ ಇರುವುದೂ ಅಲ್ಲೇ. ಹೊಸ ಕಾರಿನಲ್ಲಿ ಆ ಬಿಂದುಗಳನ್ನು ಕಾರ್ಖಾನೆ ಇಟ್ಟಿರುತ್ತದೆ. ಹಳೆಯದರಲ್ಲಿ ನಾವು ಹುಡುಕಬೇಕು.

ಈ ಹುಡುಕಾಟ ಶುರುವಾದದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಮಾವನವರಿಗೆ ಹೇಳದೆಯೇ ಹೋಗಿದ್ದೆ. ಬಿಡಿಭಾಗದ ಅಂಗಡಿಯೊಂದರಲ್ಲಿ ಹಳೇ ಫಿಯಟ್ಟಿಗೆ ಬೆಲ್ಟ್ ಬೇಕು ಎಂದ ಕೂಡಲೇ ಹುಡುಗ ತಲೆ ಎತ್ತದೆ ಕೇಳಿದ: “ತೋರಿಸೋಕಾ ಸಾರ್, ಹಾಕ್ಕೊಳ್ಳೋಕಾ?” ನಾನು ಎರಡನ್ನೂ ತೋರಿಸಲು ಹೇಳಿದೆ. ತೋರಿಸುವ ಬೆಲ್ಟು ಒಂದು ಕಪ್ಪು ಪಟ್ಟಿ, ಎರಡು ಕೊಕ್ಕೆ, ಗುರುತು ಚೀಟಿ ಏನೂ ಇಲ್ಲ. ಭುಜದಿಂದ ಸೊಂಟಕ್ಕೆ ಇಳಿದ ಹಾಗೆ ಹೊರಗಿನಿಂದ ಕಾಣಬೇಕು, ಅಷ್ಟೇ ಅದರ ಉದ್ಯೋಗ. ಹಾಕಿಕೊಳ್ಳುವ ಬೆಲ್ಟಿನ ಪಟ್ಟಿಗೆ ಹೊಲಿದ ಚೀಟಿಯಲ್ಲಿ ತಯಾರಾದ ದಿನಾಂಕ, ಪರೀಕ್ಷೆಯ ಗುರುತು ಇತ್ತು; ಕೈಗೆ ಭಾರವಾಗಿತ್ತು. ಬೆಲೆಯೂ ಭಾರವಾಗಿತ್ತು. “ಗುಜರಿಯಲ್ಲಿ ಒಳ್ಳೇ ಕಂಪನಿ ಬೆಲ್ಟೇ ಸಿಗುತ್ತೆ ಸಾರ್” ಎಂಬ ಸಲಹೆಯೂ ಬಂತು. ಗುಜರಿಗೆ ಕಾರು ಬರುವುದು ಸಾಮಾನ್ಯವಾಗಿ ಗುದ್ದಿಸಿಕೊಂಡ ಮೇಲೆ. ಒಮ್ಮೆ ಜೋರಾಗಿ ಮನುಷ್ಯನನ್ನು ಹಿಡಿದ ಬೆಲ್ಟು ಒಳಗೇ ಹಿಗ್ಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಎರಡನೇ ಸಲಕ್ಕೆ ಅದನ್ನು ನಂಬುವಂತಿಲ್ಲ. ಬಿಸಿಲಲ್ಲಿ ವರ್ಷಗಟ್ಟಲೆ ಬೆಂದ ನೈಲಾನು, ಪಾಲಿಯೆಸ್ಟರು ಕೂಡ ಹಾಗೆಯೇ. ಹೊಸದೇ ಬೇಕು.

ತೋರಿಸುವ ಬೆಲ್ಟಿಗೆ ಗಿರಾಕಿ ಇರುವುದರಲ್ಲಿ ಆಶ್ಚರ್ಯವಿಲ್ಲ. ಬೆಲ್ಟಿರುವ ಕಾರಿನವರೇ ಅದನ್ನು ಕಟ್ಟಿಕೊಳ್ಳದೆ, ಕುಯ್ಯ್ ಎನ್ನುವ ಎಚ್ಚರಿಕೆಯ ಶಬ್ದದ ಬಾಯಿ ಮುಚ್ಚಿಸಲು ಬರೀ ಕ್ಲಿಪ್ಪನ್ನು ಕೊಂಡು ಸಿಕ್ಕಿಸುವ ದೇಶ ನಮ್ಮದು. ಅಂಥ ಕ್ಲಿಪ್ಪುಗಳನ್ನು ಮಾರಾಟದಿಂದ ತೆಗೆಯಿರಿ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಆನ್‌ಲೈನ್ ಅಂಗಡಿಗಳಿಗೆ ಆದೇಶ ಕೊಡಬೇಕಾಯಿತು.

ಬೆಲ್ಟನ್ನು ಮನೆಗೆ ತಂದಿಟ್ಟಾಗ ಮಾವನವರು ಬೈಯಲಿಲ್ಲ. ಕನ್ನಡಕ ಏರಿಸಿ ಬಕಲ್ ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: “ಸರಿ, ಇದರ ಲೋಡು ಎಲ್ಲಿಗೆ ಇಳಿಯುತ್ತೆ?”

ಸೇತುವೆ ಕಟ್ಟಿದವರ ಪ್ರಶ್ನೆ ಅದು. ನಾನು ಓದಿಕೊಂಡದ್ದಕ್ಕಿಂತ ಅದೇ ಮುಖ್ಯವಾಗಿತ್ತು. ಹಳೇ ಲೆಟರ್‌ಹೆಡ್ಡಿನ ಹಿಂಬದಿಯಲ್ಲಿ ಲೆಕ್ಕ ಶುರುವಾಯಿತು. ಗಂಟೆಗೆ 50 ಕಿಲೋಮೀಟರ್ ವೇಗ, ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಗೋಡೆಗೋ ಮರಕ್ಕೋ ಗುದ್ದಿದೆವು ಅನ್ನಿ. ಮೂತಿ ನಜ್ಜುಗುಜ್ಜಾಗುವುದು, ಪಟ್ಟಿ ಎಳೆಯುವುದು ಎಲ್ಲ ಸೇರಿ ಮನುಷ್ಯ ಅರ್ಧ ಮೀಟರಿನಲ್ಲಿ ನಿಂತ ಎಂದಿಟ್ಟುಕೊಳ್ಳಿ. 70 ಕೆಜಿಯ ಮೈಯನ್ನು ನಿಲ್ಲಿಸಲು ಬೇಕಾದ ಬಲ ಸರಾಸರಿ 1,300 ಕೆಜಿ ತೂಕಕ್ಕೂ ಮೇಲೆ. ನಮ್ಮ ಪದ್ಮಿನಿಯ ತೂಕವೇ 900 ಕೆಜಿ ಆಸುಪಾಸು. ಮಾವನವರು ಪೆನ್ನಿನ ಟೋಪಿ ಹಾಕಿ ತೆಗೆದು ಮಾಡಿದರು. “ಅಂದರೆ ಈ ಬೋಲ್ಟುಗಳಿಗೆ ಇಡೀ ಕಾರನ್ನ ನೇತು ಹಾಕಿದರೂ ಸಾಲದು.” ಆಮೇಲೆ ಅದೇ ಹಾಳೆಯ ಮೂಲೆಯಲ್ಲಿ, ಯಾರೂ ಕೇಳದೆಯೇ, 20 ಕೆಜಿಯ ಮೊಮ್ಮಗಳ ಲೆಕ್ಕವನ್ನೂ ಮಾಡಿದರು. ಸುಮಾರು 400 ಕೆಜಿ ಬಂತು. ತೊಡೆಯ ಮೇಲೆ ಕೂರಿಸಿಕೊಂಡ ಯಾವ ತಾಯಿಯ ಕೈಯೂ ಅದನ್ನು ಹಿಡಿಯಲಾರದು. ಅದರ ಕೆಳಗೆ ಎರಡು ಗೆರೆ ಎಳೆದರು. ಡಾಬಿನ ಮಾತು ಆಮೇಲೆ ಬರಲಿಲ್ಲ.

ಹೀಗೆ ಗಾಡಿ ಟಿಂಕರಿಂಗ್ ಸಾಬರ ಶೆಡ್ಡಿಗೆ ಹೋಯಿತು. ಎನ್.ಆರ್. ಮೊಹಲ್ಲಾದ ಕಡೆಯವರು, ಫಿಯಟ್ಟಿನ ತಗಡನ್ನು ಕೈಬೆರಳಲ್ಲಿ ತಟ್ಟಿಯೇ ಎಲ್ಲಿ ಪುಟ್ಟಿ, ಎಲ್ಲಿ ಕಬ್ಬಿಣ ಎಂದು ಹೇಳುವವರು. ಬೆಲ್ಟನ್ನು ಅವರು ಮುಟ್ಟಲೂ ಇಲ್ಲ. ಕಾರ್ಪೆಟ್ಟು ಎತ್ತಿ, ಕೆಳಗೆ ಮಲಗಿ, ಉದ್ದನೆಯ ಸ್ಕ್ರೂಡ್ರೈವರಿನಿಂದ ಫ್ಲೋರಿನ ಕರಿ ಡಾಂಬರು ಪದರವನ್ನು ಕೆರೆಯುತ್ತಾ ಬಂದರು. ಬಾಗಿಲಿನ ಅಡಿಯ ಪೆಟ್ಟಿಗೆಯ ಹತ್ತಿರ ಬಂದಾಗ ಸ್ಕ್ರೂಡ್ರೈವರು ಹಿಡಿಯವರೆಗೂ ಒಳಗೆ ಹೋಯಿತು. ಕೆಂಪು ಪುಡಿ ಅವರ ಗಡ್ಡದ ಮೇಲೆ ಉದುರಿತು. “ನೋಡಿ ಸಾರ್, ಇಲ್ಲಿ ಬಣ್ಣ ಇದೆ, ಗಾಡಿ ಇಲ್ಲ” ಎಂದರು. ಅಂಥ ಕಡೆ ಬೆಲ್ಟ್ ಬಿಗಿಯುವುದೆಂದರೆ ಗೆದ್ದಲು ಹಿಡಿದ ಜಂತೆಗೆ ತೊಟ್ಟಿಲು ಕಟ್ಟಿದ ಹಾಗೆ. ಮೊದಲು ಕೊಳೆತ ತಗಡು ಕತ್ತರಿಸಿ ಹೊಸದನ್ನು ಬೆಸೆಯಬೇಕಾಯಿತು. ಬೆಲ್ಟಿನ ಕೆಲಸಕ್ಕಿಂತ ಅದಕ್ಕೇ ಹೆಚ್ಚು ದಿನ, ಹೆಚ್ಚು ದುಡ್ಡು ಹಿಡಿಯಿತು.

ತಗಡು ಚೆನ್ನಾಗಿದ್ದರೂ ಅದೊಂದೇ ಸಾಲದು. ತೂತು ಕೊರೆದು ಬೋಲ್ಟು, ವಾಷರು ಹಾಕಿ ಬಿಗಿದುಬಿಟ್ಟರೆ ಗುದ್ದಿದ ಕ್ಷಣ ವಾಷರು ಕಾಗದ ಹರಿದ ಹಾಗೆ ತಗಡನ್ನು ಹರಿದು ಮೇಲೆ ಬರುತ್ತದೆ. ಅದಕ್ಕೆ ಫ್ಲೋರಿನ ಅಡಿಯಿಂದ, ಮೂರು ಮಿಲಿಮೀಟರಿಗೆ ಕಮ್ಮಿ ಇಲ್ಲದ, ಅಂಗೈಯಗಲದ ಉಕ್ಕಿನ ಪ್ಲೇಟು ಬೇಕು. ಎಳೆತ ಅಷ್ಟೂ ಅಗಲಕ್ಕೆ ಹಂಚಿಹೋಗಬೇಕು. ಸಾಬರು ಪ್ಲೇಟಿನ ನಾಲ್ಕು ಮೂಲೆಯನ್ನೂ ಅರದಿಂದ ಉಜ್ಜಿ ದುಂಡಗೆ ಮಾಡಿದರು. ಚೂಪು ಮೂಲೆ ಎಳೆತಕ್ಕೆ ಸಿಕ್ಕಾಗ ತಾನೇ ಕತ್ತಿಯಾಗಿ ತಗಡನ್ನು ಕೊಯ್ಯುತ್ತದಂತೆ. ಕೊರೆಯುವ ಮುಂಚೆ ಬ್ರೇಕಿನ ಪೈಪು, ಪೆಟ್ರೋಲಿನ ಪೈಪು ಎಲ್ಲಿ ಹಾದುಹೋಗಿದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಂಡರು.

ಬೋಲ್ಟಿನ ವಿಷಯದಲ್ಲಿ ಜಗತ್ತಿನ ಕಾರುಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತಿಗೆ ಬಂದಿವೆ: 7/16 ಇಂಚು, ಇಂಚಿಗೆ 20 ಥ್ರೆಡ್. ಗ್ಯಾರೇಜಿನ ಲೆಕ್ಕದಲ್ಲಿ ಮೂರೂವರೆ ಸೂತು. ಆ ಅಳತೆಯ ಬೋಲ್ಟು ಮೂಲೆ ಅಂಗಡಿಯಲ್ಲೂ ಸಿಗಬಹುದು, ಆದರೆ ತಲೆ ನೋಡಬೇಕು. ಗಟ್ಟಿ ಉಕ್ಕಿನದಾದರೆ ತಲೆಯ ಮೇಲೆ ಸುತ್ತಲೂ ಆರು ಗೆರೆ ಇರುತ್ತವೆ. ಬೋಳುತಲೆಯ ಬೋಲ್ಟು ಗೇಟಿಗೆ ಸರಿ. ಮಾವನವರು ಭೂತಗನ್ನಡಿ ತರಿಸಿ ಒಂದೊಂದರ ಗೆರೆಯನ್ನೂ ಎಣಿಸಿದರು.

ಇಷ್ಟರಲ್ಲಿ ಫ್ಲೋರಿನ ಎರಡು ಬಿಂದು ಆಯಿತು. ಮೂರನೆಯದು ಭುಜದ ಹಿಂದೆ, ಮುಂದಿನ ಮತ್ತು ಹಿಂದಿನ ಬಾಗಿಲ ನಡುವಿನ ಕಂಬದಲ್ಲಿ. ನಿಜವಾದ ಕಸರತ್ತು ಇಲ್ಲೇ. ಹಳೇ ಕಾರಿನ ಕಂಬ ಅಂದರೆ ಮಡಿಸಿದ ಎರಡು ತಗಡು, ಒಳಗೆ ಟೊಳ್ಳು. ಹೊರಗಿನಿಂದ ಸ್ಕ್ರೂ ತಿರುಪಿ ನಿಲ್ಲಿಸಿದ ಬೆಲ್ಟುಗಳನ್ನು ನಾನು ಹಳೇ ಕಾರಿನ ಮೆರವಣಿಗೆಗಳಲ್ಲೇ ನೋಡಿದ್ದೇನೆ. ಎಳೆದರೆ ಗೋಡೆ ಗಡಿಯಾರ ಕೂಡ ಅಷ್ಟು ಸುಲಭಕ್ಕೆ ಬರುವುದಿಲ್ಲ. ಕಂಬದ ಒಳಮೈ ಸ್ವಲ್ಪ ಕತ್ತರಿಸಿ, ನಟ್ಟು ಬೆಸೆದ ಪ್ಲೇಟನ್ನು ಒಳಗೆ ತೂರಿಸಿ, ಸುತ್ತಲೂ ವೆಲ್ಡ್ ಮಾಡಿ ಮತ್ತೆ ಮುಚ್ಚಬೇಕು. ಎತ್ತರವೂ ಮುಖ್ಯ. ಬಿಂದು ಭುಜದ ಮಟ್ಟಕ್ಕೋ ಮೇಲಕ್ಕೋ ಇರಬೇಕು. ಕೆಳಗಿದ್ದರೆ ಗುದ್ದಿದಾಗ ಪಟ್ಟಿ ಭುಜವನ್ನು ಕೆಳಕ್ಕೆ ಅದುಮಿ ಬೆನ್ನುಮೂಳೆಗೇ ಕುತ್ತು. 1994ರಿಂದೀಚೆಗೆ ಕಾರ್ಖಾನೆ ಬಿಟ್ಟ ಪದ್ಮಿನಿಗಳು ಬೆಲ್ಟಿನ ಸಮೇತವೇ ಬರಬೇಕಿತ್ತಲ್ಲ; ಅಂಥದ್ದೊಂದನ್ನು ಪಕ್ಕದ ಬೀದಿಯಿಂದ ಕರೆಸಿ, ಅದರ ಕಂಬದ ಅಳತೆ ತೆಗೆದು, ಅಲ್ಲೇ ಗುರುತು ಹಾಕಿದೆವು. ಊಹೆಗಿಂತ ಅಕ್ಕನನ್ನು ಕೇಳುವುದು ವಾಸಿ ಎಂದರು ಸಾಬರು. ಆ ಗಾಡಿ ವಯಸ್ಸಿನಲ್ಲಿ ತಂಗಿ ಎಂದು ಮಾವ ತಿದ್ದಿದರು.

ಸುರುಳಿ ಸುತ್ತಿಕೊಳ್ಳುವ ರೀಲ್ ಬೆಲ್ಟೋ, ಸುಮ್ಮನೆ ಪಟ್ಟಿಯೋ ಎಂಬುದು ಮುಂದಿನ ಜಗಳ. ರೀಲಿನೊಳಗೆ ಒಂದು ಪುಟ್ಟ ಗುಂಡೋ ಲೋಲಕವೋ ಇರುತ್ತದೆ. ಕಾರು ತಟ್ಟನೆ ನಿಂತಾಗ ಅದು ಸರಿದು ಹಲ್ಲು ಕಚ್ಚಿಸುತ್ತದೆ. ಹೇಳಿದ ಕೋನದಲ್ಲೇ ಕೂರಿಸದಿದ್ದರೆ ಅದು ಯಾವಾಗಲೂ ಕಚ್ಚಿಕೊಂಡಿರುತ್ತದೆ, ಇಲ್ಲವೇ ಬೇಕಾದಾಗ ಕಚ್ಚುವುದಿಲ್ಲ. ನಮ್ಮ ಕಂಬದ ಬುಡದಲ್ಲಿ ನೆಟ್ಟಗೆ ಕೂರಿಸಲು ಜಾಗ ಸಿಗಲಿಲ್ಲ. ಹಾಗಾಗಿ ರೀಲಿಲ್ಲದ್ದೇ ಆಯಿತು. ಅದರಲ್ಲಿ ಕೆಡಲು ರೀಲೇ ಇಲ್ಲ, ಆದರೆ ಪ್ರತಿಸಲ ಕೈಯಾರೆ ಬಿಗಿ ಮಾಡಿಕೊಳ್ಳಬೇಕು. ಬಿಗಿದರೆ ಚೋಕ್ ಎಳೆಯಲು ಕೈ ಮುಟ್ಟುವುದಿಲ್ಲ. ಮಾವನವರು ಈಗ ಮೊದಲು ಗಾಡಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗಿ ಚೋಕ್ ಒಳಗೆ ತಳ್ಳಿ, ಆಮೇಲೆ ಕಟ್ಟಿಕೊಳ್ಳುತ್ತಾರೆ. ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಕೂರಬಾರದು, ಕೆಳಗೆ ಸೊಂಟದ ಮೂಳೆಯ ಮೇಲೆ ಕೂರಬೇಕು ಎಂದಾಗ ಮಾತ್ರ ಅವರಿಗೆ ಸ್ವಲ್ಪ ಕಷ್ಟವಾಯಿತು. ಹೊಟ್ಟೆ ಎಲ್ಲಿ ಮುಗಿಯುತ್ತದೆ ಎಂಬ ಬಗ್ಗೆ ನಮ್ಮಿಬ್ಬರಿಗೂ ಒಮ್ಮತವಿರಲಿಲ್ಲ.

ಮುಂದಿನ ಸೀಟಿನ ನಡುವಿನವನ ಗತಿ? ಅವನಿಗೆ ಸೊಂಟಕ್ಕೊಂದು ಪಟ್ಟಿ ಕೊಡಬಹುದು ಎಂದರು ಒಬ್ಬರು. ಬರೀ ಸೊಂಟ ಕಟ್ಟಿದರೆ ಗಾಡಿಯಿಂದ ಹೊರಗೆ ಬೀಳುವುದಿಲ್ಲ, ನಿಜ. ಆದರೆ ಮೇಲ್ಮೈ ಮಡಚಿ ತಲೆ ಹೋಗಿ ಬಡಿಯುವುದು ಕಬ್ಬಿಣದ ಡ್ಯಾಶ್‌ಬೋರ್ಡಿಗೆ. ನಾನು ಒಪ್ಪಲಿಲ್ಲ. ನಡುವಿನ ಜಾಗ ಈಗ ಮಾವನವರ ಛತ್ರಿಗೆ ಮೀಸಲು. ಬೆಲ್ಟ್ ಬಂದ ಮಾತ್ರಕ್ಕೆ ಹಳೇ ಕಾರು ಹೊಸದಾಗುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಸೀಟಿಗೆ ತಲೆ ಆನಿಸಲು ಆಸರೆ ಇಲ್ಲ, ಗುದ್ದಿದಾಗ ಮಡಚಿಕೊಳ್ಳುವ ಸ್ಟೀರಿಂಗ್ ದಂಡ ಇಲ್ಲ. ಕಟ್ಟಿಕೊಂಡಿದ್ದೇನೆ ಎಂಬ ಧೈರ್ಯಕ್ಕೆ ಎಕ್ಸ್‌ಪ್ರೆಸ್‌ವೇ ಹತ್ತಿದವರ ಬಗ್ಗೆ ನನಗೆ ಮರುಕವೂ ಇಲ್ಲ.

ಹಳೇ ಕಾರಿನ ಗೆಳೆಯರ ಬಳಗದಲ್ಲಿ ಇದಕ್ಕೆ ಬೈಗುಳವೇ ಸಿಕ್ಕಿತು. ಐವತ್ತು ದಾಟಿದ ಗಾಡಿ, 2021ರ ನಿಯಮದಡಿ ಪಾರಂಪರಿಕ ವಾಹನವೆಂದು ‘ವಿಎ’ ನಂಬರ್ ಪ್ಲೇಟು ಕೇಳಬಹುದಾದ ಗಾಡಿ, ಅದಕ್ಕೆ ತೂತು ಕೊರೆಸುವುದೇ? ಇದಕ್ಕೆ ನನ್ನ ಉತ್ತರ ನೇರ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ನಿಂತಿರುವ ಕಾರುಗಳಿಗೆ ಬೆಲ್ಟ್ ಬೇಡ, ಅವು ಎಲ್ಲೂ ಹೋಗುವುದಿಲ್ಲ. ಮರದ ಚೌಕಟ್ಟಿಗೆ ತಗಡು ಹೊದಿಸಿದ ಮಹಾಯುದ್ಧದ ಮುಂಚಿನ ಗಾಡಿಗಳಿಗೂ ಬೇಡ. ಬೋಲ್ಟು ಹಿಡಿಯಲು ಅಲ್ಲಿ ಏನೂ ಇಲ್ಲ, ಮೆಲ್ಲಗೆ ಓಡಿಸುವುದೇ ಅವಕ್ಕೆ ಬೆಲ್ಟು. ಅರವತ್ತರ ದಶಕದ ನಡುವಿನಿಂದ ಈಚಿನ ಇಂಗ್ಲಿಷ್ ಗಾಡಿ ಇದ್ದವರು ಡ್ರಿಲ್ಲಿಗೆ ಕೈ ಹಾಕುವ ಮುಂಚೆ ಒಳಗಿನ ರೆಕ್ಸಿನ್ ಬಿಚ್ಚಿ ನೋಡಲಿ: 1965ರಿಂದ ಬ್ರಿಟನ್ನಿನಲ್ಲಿ ಹೊಸ ಕಾರಿನ ಮುಂದಿನ ಸೀಟಿಗೆ ಬೆಲ್ಟಿನ ಬಿಂದುಗಳು ಬೇಕೇಬೇಕಿತ್ತು, ನಟ್ಟುಗಳು ಮುಚ್ಚಳದಡಿ ಕಾದು ಕೂತಿರಬಹುದು. ಉಳಿದಂತೆ, ವಾರಕ್ಕೊಮ್ಮೆ ಮಕ್ಕಳು ಮರಿ ತುಂಬಿಕೊಂಡು ಹೆದ್ದಾರಿಗೆ ಇಳಿಯುವ ಪದ್ಮಿನಿಗೆ ಮೂಲ ಸ್ವರೂಪದ ಮಡಿ ಹೇಳುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ಗಾಡಿ ಮನೆಗೆ ಬಂದಾಗ ಅತ್ತೆಯವರು ಹಿಂದಿನ ಬಾಗಿಲು ತೆಗೆದು ನೋಡಿ, ಮುಂದಿನ ಬಾಗಿಲು ತೆಗೆದು ನೋಡಿ, “ಮುಂದೆ ಕೂತೋರಿಗೆ ಮಾತ್ರ ಜೀವ ಇರೋದಾ?” ಎಂದರು. ಯಾರೂ ಮಾತಾಡಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡದ್ದು ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತು. ಆ ಸುದ್ದಿಯನ್ನು ಪೇಪರಿನಲ್ಲಿ ಮೊದಲು ಓದಿ ಹೇಳಿದ್ದೂ ಅತ್ತೆಯೇ. ಅದೂ ಅಲ್ಲದೆ, ಹಿಂದೆ ಕಟ್ಟಿಕೊಳ್ಳದೆ ಕೂತವರು ಗುದ್ದಿದಾಗ ಬಂದು ಬೀಳುವುದು ಮುಂದೆ ಕಟ್ಟಿಕೊಂಡು ಕೂತವರ ಬೆನ್ನ ಮೇಲೆ.

ಸಾಬರಿಗೆ ಮತ್ತೆ ಫೋನ್ ಹೋಯಿತು. ಹಿಂದಿನ ಸೀಟು ಕಳಚಿ ಇಟ್ಟಿರಿ, ಬ್ಯಾಟರಿ ವೈರ್ ತೆಗೆದಿಡಿ, ಪೆಟ್ರೋಲ್ ಟ್ಯಾಂಕು ಎಲ್ಲಿದೆ ನೋಡಿಕೊಂಡೇ ವೆಲ್ಡಿಂಗ್ ಎಂದರು. ಅತ್ತೆಯವರು ಸೀಟ್ ಕವರಿಗೆ ಹೊಂದುವ ಮೆರೂನ್ ಪಟ್ಟಿ ಸಿಗುತ್ತದಾ ಎಂದು ಕೇಳಿಸಿದರು. ಮಾವನವರು ಲೆಟರ್‌ಹೆಡ್ಡಿನ ಇನ್ನೊಂದು ಹಾಳೆ ತೆಗೆದು ಹಿಂದಿನ ಪ್ಲೇಟಿನ ಲೆಕ್ಕಕ್ಕೆ ಕೂತರು. ಲೆಕ್ಕಕ್ಕೆ ಅತ್ತೆಯವರ ತೂಕ ಬೇಕಿತ್ತು. ಪೆನ್ನಿನ ಟೋಪಿ ತೆಗೆದು, ಒಮ್ಮೆ ಅಡುಗೆಮನೆಯ ಕಡೆ ನೋಡಿ, ಆ ಜಾಗ ಖಾಲಿ ಬಿಟ್ಟು, “ಪ್ಲೇಟು ನಾಲ್ಕು ಮಿಲಿಮೀಟರಿಂದೇ ಇರಲಿ ಅಂತ ಹೇಳಿಬಿಡಿ ಅಳಿಯಂದಿರೇ” ಎಂದರು.